ಕೊಟ್ಟಿಗೆಯಲ್ಲಿ ಕಲಿತ ಇಂಗ್ಲಿಷ್

ಗಂಜಲದ ವಾಸನೆ ಮೂಗಿಗೆ ಬಡಿದರೆ ನನಗೆ ಇಂಗ್ಲಿಷ್ ನೆನಪಾಗುತ್ತದೆ. ನಗಬೇಡಿ. ಹಾಸನ ಸೀಮೆಯ ದುದ್ದದ ಹತ್ತಿರದ ನಮ್ಮ ಮನೆಯಲ್ಲಿ ಗಲಾಟೆಯಿಲ್ಲದ ಜಾಗವೆಂದರೆ ಕೊಟ್ಟಿಗೆಯೊಂದೇ. ಅಪ್ಪನ ತಂಗಿ ಜಯತ್ತೆ ಅಲ್ಲೇ ಕೂತು ಹತ್ತನೇ ಕ್ಲಾಸಿಗೆ ಓದುತ್ತಿದ್ದಳು. ಬೆಚ್ಚಗಿನ ಹುಲ್ಲು, ಹಸುಗಳ ಮೆಲುಕಿನ ಸದ್ದು, ನಡುವೆ ಅವಳ ‘ಇನ್, ಆನ್, ಅಟ್’. ನಮಗೆ ನೊಣ ಕೂತರೂ ಹಸುವಿನ ಮೇಲೆ, ಹದ್ದು ಹಾರಿದರೂ ಹಸುವಿನ ಮೇಲೆ. ಇಂಗ್ಲಿಷಿನವರಿಗೆ ಅದು ಸಾಲದು, ಒಂದೊಂದಕ್ಕೂ ಬೇರೆ ಮಾತು ಬೇಕು. ಜಯತ್ತೆ ಅದನ್ನು ಕೈಯಲ್ಲಿ ಕಲಿತಳು. ಅಂಗೈಯನ್ನು ಹಸುವಿನ ಬೆನ್ನಿಗೆ ತಾಗಿಸಿದರೆ ‘ಆನ್’, ತಾಗಿಸದೆ ಮೇಲೆ ಹಿಡಿದರೆ ‘ಓವರ್’. ಎರಡು ತೋಳಲ್ಲಿ ಬಳಸಿದರೆ ‘ಇನ್ ಹಾಸನ್’, ಬೆರಳಿಟ್ಟು ತೋರಿದರೆ ‘ಅಟ್ ದಿ ಬಸ್ ಸ್ಟಾಪ್’. ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟ ನಾನು ಪಕ್ಕದಲ್ಲಿ ಸಗಣಿ ಬಾಚುತ್ತಾ ನೋಡುತ್ತಿದ್ದೆ.

ಅವಳು ಇಂಗ್ಲಿಷಿನಲ್ಲಿ ಒಂದು ಸಲ ಫೇಲಾಗಿದ್ದಳು. ಮತ್ತೆ ಪರೀಕ್ಷೆಗೆ ಕೂರಿಸಲು ತಾತನಿಗೆ ಮನಸ್ಸಿರಲಿಲ್ಲ. ಹಸುವಿನ ಕೆಚ್ಚಲು ಬಾತು ಹಾಸನದಿಂದ ದನದ ಡಾಕ್ಟರು ಬಂದ ದಿನ, ತಾತ ಅವಳನ್ನು ಅವರ ಮುಂದೆ ನಿಲ್ಲಿಸಿದರು. “ಇವ್ಳಿಗೆ ಇಂಗ್ಲೀಸು ಬತ್ತದೋ ಇಲ್ವೋ ಒಸಿ ಕೇಳಿ ಸಾ. ಬರ್ದಿದ್ರೆ ಗಂಡು ನೋಡ್ಬುಡ್ತೀನಿ.” ಡಾಕ್ಟರು ಇಂಗ್ಲಿಷಿನಲ್ಲಿ ಏನೋ ಕೇಳಿದರು. ಜಯತ್ತೆಯ ಕೈ ಮೇಲೆದ್ದಿತು. “ಕೈ ಯಾಕಮ್ಮ ಆಡಿಸ್ತೀಯ? ಕೈ ಕಟ್ಟಿಕೊಂಡು ಹೇಳು” ಎಂದರು. ಕಟ್ಟಿಕೊಂಡಳು. ಬಾಯಿಯೂ ಕಟ್ಟಿಹೋಯಿತು. ತಾತ ಆಗಲೇ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡಿದ್ದರು.

ಗಂಡಸರು ಮಾತಾಡುವಾಗ ಬಾಗಿಲು ದಾಟದ ಅಜ್ಜಿ ಅವತ್ತು ದಾಟಿದಳು. “ಕೈ ಬುಡ್ಸಿ ಸಾ. ನೀವೇನು ಕೈ ಕಟ್ಕಂಡು ಅಸೀನ ಕೆಚ್ಲು ನೋಡುದ್ರಾ?” ಡಾಕ್ಟರು ಜೋರಾಗಿ ನಕ್ಕರು. ಆಮೇಲೆ ಅವರು ಕೇಳಿದ್ದಕ್ಕೆಲ್ಲ ಜಯತ್ತೆ ಹಸುವಿನ ಸುತ್ತ ಕೈಯಾಡಿಸುತ್ತಾ ಪಟಪಟನೆ ಹೇಳಿದಳು. “ಇಂಗ್ಲಿಷಿನವರು ಆಡೋ ಹಾಗೇ ಇದೆ ಗೌಡ್ರೇ, ಪರೀಕ್ಷೆಗೆ ಕಳಿಸಿ” ಎಂದು ಡಾಕ್ಟರು ಹೊರಟರು. “ಓಗಿ ಪರೀಕ್ಸೆ ಕಟ್ಟು, ಅದೇನ್ ಕಿಸೀತೀಯೋ ನೋಡ್ತೀನಿ” ಅಂದರು ತಾತ.

ಪಾಸಾದಳು. ಹೊಳೆನರಸೀಪುರದಲ್ಲಿ ಇಂಗ್ಲಿಷ್ ಟೀಚರಾದಳು. ನಮ್ಮ ವಂಶದಲ್ಲಿ ಸಂಬಳ ತಂದ ಮೊದಲ ಹೆಣ್ಣು ಅವಳೇ. ಈಗ ಅವಳಿಲ್ಲ, ಅಜ್ಜಿಯಿಲ್ಲ, ಪಾಲಾದ ಮೇಲೆ ಆ ಮನೆಯೂ ಇಲ್ಲ. ಊರಿಗೇ ಯಜಮಾನನಂತಿದ್ದ ತಾತನ ಹೆಸರು ಇಂದಿನ ಹುಡುಗರಿಗೆ ಗೊತ್ತಿಲ್ಲ. ಆದರೆ ಹೊಸಬರು ದಾರಿ ಕೇಳಿದರೆ ಇವತ್ತಿಗೂ ಹೇಳುತ್ತಾರೆ: “ಟೀಚರಮ್ಮನ ಅಪ್ಪನ ಸಮಾಧಿ ಸಿಕ್ತದೆ, ಅಲ್ಲಿ ಎಡಕ್ಕೆ ತಿರುಕ್ಕಳಿ.”