ಎಡಕ್ಕೆ ಬಿಟ್ಟ ಕಿವಿ

ಎಪ್ಪತ್ತು ದಾಟಿದ ಜೈನರ ಮುದುಕಿಯೊಬ್ಬಳು ನಿಪ್ಪಾಣಿಯ ವೈನ್ ಶಾಪಿನ ಕೌಂಟರಿಗೆ ಬಂದು ನಿಂತರೆ ಏನಾಗುತ್ತದೆ?

ಮೊದಲು ಮಾತು ನಿಲ್ಲುತ್ತದೆ. ಆಮೇಲೆ ಗಂಡಸರು ದಾರಿ ಬಿಡುತ್ತಾರೆ, ಆಸ್ಪತ್ರೆಯಲ್ಲಿ ಸ್ಟ್ರೆಚರಿಗೆ ಬಿಡುವ ಹಾಗೆ. ಒಬ್ಬನಂತೂ ಕೈಯಲ್ಲಿದ್ದ ಕ್ವಾರ್ಟರ್ ಬಾಟಲಿಯನ್ನು ಬೆನ್ನ ಹಿಂದೆ ಅಡಗಿಸಿಕೊಂಡ. ನನ್ನನ್ನು ತನ್ನ ಸೋದರತ್ತೆ ಅಂದುಕೊಂಡನೋ ಏನೋ!

ಆ ಮುದುಕಿ ನಾನೇ. ಹೋದ ವಾರದ ಮಾತು.

ಕಾನ್ವೆಂಟಿನಲ್ಲಿ ಓದುವಾಗ ಕ್ರಿಸ್‌ಮಸ್ ಕೇಕಿನಲ್ಲಿ ವೈನ್ ಇರುತ್ತದೆ ಎಂಬ ಗುಮಾನಿಯಿಂದ, ಸಿಸ್ಟರ್ ಕೊಟ್ಟ ತುಂಡನ್ನು ಕರ್ಚೀಫಿನಲ್ಲಿ ಕಟ್ಟಿ ಗೆಳತಿಗೆ ದಾಟಿಸುತ್ತಿದ್ದವಳು ನಾನು. ಅಂಥವಳು ಈ ವಯಸ್ಸಿನಲ್ಲಿ ವೈನ್ ಶಾಪಿಗೆ! ನಮ್ಮ ಅಥಣಿಯಲ್ಲಾದರೆ ನಾನು ಆ ಮೆಟ್ಟಿಲು ಹತ್ತಿ ಇಳಿಯುವುದರೊಳಗೆ ಸುದ್ದಿ ಬಸದಿ ಮುಟ್ಟಿರುತ್ತಿತ್ತು. ಅದಕ್ಕೇ ಕಣ್ಣಿನ ಚೆಕಪ್ ಎಂದು ಮನೆಯಲ್ಲಿ ಹೇಳಿ, ಸೊಸೆಯನ್ನು ಕರೆದುಕೊಂಡು ನಿಪ್ಪಾಣಿಯವರೆಗೆ ಬಂದದ್ದು.

ಸೊಸೆ ಅಶ್ವಿನಿ ಕಾರಿನಲ್ಲೇ ಉಳಿದಿದ್ದಳು, ಮುಖಕ್ಕೆಲ್ಲ ಸ್ಕಾರ್ಫ್ ಸುತ್ತಿ, ಕಣ್ಣಷ್ಟೇ ಬಿಟ್ಟು. “ಅತ್ಯಾರ, ನಾನರ ಹೋಗಿ ತರತೇನಿ, ನೀವು ಕೂಡ್ರಿ” ಅಂದಿದ್ದಳು.

“ನಿನಗ ಗುರ್ತ ಸಿಗೂದಿಲ್ಲವ್ವಾ.”

“ಲಗೂನ ಬರ್ರಿ ಮತ್ತ. ನನ್ನ ತವರಮನಿ ಮಂದಿ ಇದ ರೋಡಿನ್ಯಾಗ ಅಡ್ಡಾಡ್ತಾರ.”

ಕೌಂಟರಿನವನು ಮರಾಠಿಯಲ್ಲಿ “ಕಾಯ್ ಪಾಯಿಜೆ ಆಜಿ?” ಎಂದ. ಏನು ಬೇಕೆಂದು ಕನ್ನಡದಲ್ಲಿ ಹೇಳಿದೆ. (ಕಂಪನಿಯ ಹೆಸರು ಇಲ್ಲಿ ಬರೆಯುವುದಿಲ್ಲ. ಫ್ರೀ ಅಡ್ವರ್ಟೈಸ್‌ಮೆಂಟ್ ಯಾಕೆ?) ಅವನೂ ಕನ್ನಡಕ್ಕೆ ಹೊರಳಿದ.

“ಅದು ಸಾದಾ ವೈನ್ ಅಲ್ರೀ ಆಜಿ. ಶಾಂಪೇನ್‌ಗತೆ ಬುರುಗ ಬರತೈತಿ. ಬೂಚ ಡಬ್ ಅಂತ ಹಾರತೈತಿ. ಕಣ್ಣಿಗೆ ಬಡದೀತ.”

“ಗೊತ್ತೈತಪಾ. ಹಳೇ ಟೊಪಗಿದ್ದದ್ದು ಬೇಕು.”

“ಟೊಪಗಿ?”

ನಾನು ನನ್ನ ಕುತ್ತಿಗೆಯ ಸುತ್ತ ಬೆರಳಾಡಿಸಿ ತೋರಿಸಿದೆ. “ಬೂಚಿನ ಮ್ಯಾಲೆ, ಕುತಗೀತನಾ ಹಸರು ಫಾಯಿಲ್ ಇರತೈತಿ ನೋಡು. ನಿರಿಗಿ ನಿರಿಗಿ ಇದ್ದದ್ದು.”

“ಗಿರಾಕಿ ಎಲ್ಲಾ ಒಳಗಿನ ಮಾಲ್ ಕೇಳತಾರ. ಟೊಪಗಿ ಕೇಳಿದವರು ನೀವ ಮೊದಲಿಗೆ” ಎಂದು ನಕ್ಕು, ಸ್ಟೂಲ್ ಹತ್ತಿ ಮೇಲಿನ ಹಲಗೆಯಲ್ಲಿ ತಡಕಾಡಿದ. “ನಶೀಬ ಐತ್ರಿ ನಿಮ್ಮದು. ಇದೊಂದ ಉಳದೈತಿ. ಹೊಸಾ ಮಾಲಿಗೆ ಸಪಾಟ ಟೊಪಗಿ ಬಂದೈತಿ, ನಿರಿಗಿ ಇಲ್ಲ ಏನಿಲ್ಲ.”

ಧೂಳು ಒರೆಸಲು ಬಟ್ಟೆ ತೆಗೆದುಕೊಂಡ. “ತಿಕ್ಕಬ್ಯಾಡೋ!” ಎಂದು ಕೂಗಿಬಿಟ್ಟೆ. ಪಾಪ, ಬೆದರಿದ.

ಆಮೇಲೆ ಹಳೇ ಪೇಪರಿನಲ್ಲಿ ಬಾಟಲಿ ಸುತ್ತುತ್ತಾ ಕೇಳಿದ: “ಏನ್ ಖುಷಿ ಸುದ್ದಿ ಐತ್ರಿ? ಇದನ್ನ ಯಾರೂ ಸುಮ್ನ ಒಯ್ಯೂದಿಲ್ಲ. ಮೊಮ್ಮಗ ಹುಟ್ಯಾನೇನು?”

“ಇಲ್ಲಪಾ. ಮಗಳ ಕೆಲಸದ್ದು.”

“ಪ್ರಮೋಶನ್ನಾ?”

“ಹೂಂ” ಅಂದೆ.

“ಚಲೋ ಆತು. ನಮ್ಮ ಪೋರಿದೂ ಡಿಪ್ಲೊಮಾ ಮುಗೀಲಿ, ನಾನೂ ಒಂದು ಒಡೀತೇನಿ” ಎಂದ. ಆ ಹುಡುಗಿ ಯಾರೋ ಏನೋ, ಗಾಡ್ ಬ್ಲೆಸ್ ಹರ್ ಎಂದು ಮನಸ್ಸಿನಲ್ಲೇ ಅಂದುಕೊಂಡು ಇಳಿದು ಬಂದೆ.

ನನ್ನ ಮಗಳು ಚಂದನಾ ತೀರಿಕೊಂಡು ಎರಡು ವರ್ಷವಾಗುತ್ತ ಬಂತು. ಜ್ವರ ಎಂದು ಪುಣೆಯಲ್ಲಿ ಆಸ್ಪತ್ರೆ ಸೇರಿದವಳು ಮನೆಗೆ ಬರಲಿಲ್ಲ. ನಲವತ್ತು ತುಂಬಿರಲಿಲ್ಲ. ಈ ಅಂಕಣದಲ್ಲಿ ಅವಳ ಬಗ್ಗೆ ನಾನು ಬರೆದೇ ಇಲ್ಲ. ಸೊಂಟನೋವು, ಸಕ್ಕರೆ ಕಾಯಿಲೆ, ಸೀರಿಯಲ್ಲು ಎಲ್ಲ ಬರೆದೆ. ಇದೊಂದು ಪೆನ್ನಿಗೆ ಬರುತ್ತಿರಲಿಲ್ಲ.

ಅವಳು ಪ್ಯಾಕೇಜಿಂಗ್ ಡಿಸೈನರ್. ಪುಣೆಯ ಸ್ಟುಡಿಯೋ ಒಂದರಲ್ಲಿ ಕೆಲಸ. ಬಿಸ್ಕಿಟ್ ಪೊಟ್ಟಣ, ಸೋಪಿನ ಡಬ್ಬಿ ಎಲ್ಲ ಮಾಡಿದಳು. ಆದರೆ ಅವಳು ಜೀವ ಇಟ್ಟು ಮಾಡಿದ್ದು ಇದೊಂದನ್ನು: ಗುಳ್ಳೆ ಏಳುವ ವೈನಿನ ಬಾಟಲಿಗೆ, ಬೂಚಿನ ಮೇಲೆ ಹಾಕುವ ಫಾಯಿಲ್ ಹೊದಿಕೆ.

ಅದರಲ್ಲಿ ಡಿಸೈನ್ ಮಾಡಲು ಏನಿರುತ್ತದೆ ಎಂದು ನನಗೂ ಅನಿಸಿತ್ತು. ಫೋನಿನಲ್ಲಿ ಕೇಳಿದ್ದೆ.

“ಭಾಳ ಐತಿ ಅವ್ವಾ” ಎಂದಳು. “ಒಳಗ ಬೂಚು, ಅದರ ಮ್ಯಾಲೆ ತಂತಿ ಪಂಜರ. ಫಾಯಿಲ್ ಅದರ ಮ್ಯಾಲೆ ಬಿಗಿಯಾಗಿ ಕೂಡಬೇಕು. ಲಾರಿಯೊಳಗ ಕುಲಕಾಡಿದ್ರೂ ಹರೀಬಾರ್ದು, ಗಿರಾಕಿ ಒಂದ ಬೆರಳಲೆ ಎಳದ್ರ ಹರೀಬೇಕು.”

“ಅಷ್ಟ ಮುಚ್ಚೂ ಅಂಥಾದ್ದು ಏನೈತಿ ಅಲ್ಲಿ?”

“ಖಾಲಿ ಜಾಗ ಅವ್ವಾ. ಬೂಚಿನ ಕೆಳಗ ಎಲ್ಲಾ ಬಾಟಲಿಯೊಳಗ ಒಂದ ಸಮ ಇರೂದಿಲ್ಲ. ಒಂದು ತುಂಬಿರತೈತಿ, ಒಂದು ಸ್ವಲ್ಪ ಕಡಿಮಿ. ಮಂದಿಗೆ ಕಾಣಬಾರ್ದಂತ ಮುಚ್ಚತಾರ.”

ನಾನು ನಕ್ಕುಬಿಟ್ಟೆ. ನಮ್ಮ ದೊಡ್ಡ ದೊಡ್ಡ ಮನೆತನಗಳು ಮಾಡುವುದೂ ಅದನ್ನೇ ಅಲ್ಲವೇ?

“ಇಷ್ಟೆಲ್ಲಾ ಮಾಡಿದ ಮ್ಯಾಲೆ ಮಂದಿ ಎಷ್ಟೊತ್ತು ನೋಡ್ತಾರ ಅದನ್ನ?”

“ಹರಿಯೂತನಕಾ” ಎಂದಳು.

ಅವಳ ಅಪ್ಪ, ಅಂದರೆ ನಮ್ಮ ಮನೆಯವರು, ಈ ಕೆಲಸದ ಸುದ್ದಿ ಕೇಳಿ ಊಟದ ತಾಟಿನ ಮುಂದಿನಿಂದ ಎದ್ದುಹೋಗಿದ್ದರು. ಅವರನ್ನು ಪೂರ್ತಿ ತಪ್ಪು ಅನ್ನಲಾರೆ. ಹೊತ್ತು ಮುಳುಗಿದ ಮೇಲೆ ಊಟ ಮಾಡದ ಮನೆ ನಮ್ಮದು. ನೆಲದೊಳಗಿನ ಗಡ್ಡೆಯೂ ವರ್ಜ್ಯ. ನಮ್ಮ ತೋಟದ ದ್ರಾಕ್ಷಿ ಬಜಾರಿಗೆ ಹೋಗುತ್ತದೆ, ಉಳಿದದ್ದು ಒಣದ್ರಾಕ್ಷಿಯಾಗುತ್ತದೆ. ವೈನರಿಯವರು ಕೇಳಿ ಬಂದಾಗ ಚಹಾ ಕುಡಿಸಿ ಕಳಿಸಿದವರು ಅವರು. ಅಂಥವರ ಮಗಳು ಸೆರೆ ಬಾಟಲಿಗೆ, ಹೆಂಡದ ಬಾಟಲಿಗೆ, ಟೊಪಗಿ ಹೊಲಿಯುವುದೇ?

ಕಾಗವಾಡದ ಬೀಗರು “ಮಗಳು ಏನ್ ಮಾಡ್ತಾಳ್ರಿ?” ಎಂದು ಕೇಳಿದಾಗ ಅವರ ಉತ್ತರ: “ಪ್ಯಾಕಿಂಗ್ ಲೈನ್‌ದಾಗ ಇದ್ದಾಳ.” ಏನು ಪ್ಯಾಕಿಂಗ್ ಎಂದು ಕೇಳುವುದರೊಳಗೆ ಮಾತು ಕಬ್ಬಿನ ರೇಟಿಗೆ ತಿರುಗಿರುತ್ತಿತ್ತು. ನಾವೆಲ್ಲ ಮಕ್ಕಳ ಬಗ್ಗೆ ಹೀಗೊಂದು ಫಾಯಿಲ್ ಸುತ್ತಿ ಇಟ್ಟುಕೊಂಡಿರುತ್ತೇವೆ. ನೆಂಟರಿಗೆ ಏನು ಹೇಳುವುದು ಎಂಬುದೇ ನಮಗೆ ದೊಡ್ಡದು. ಮಗು ಏನು ಮಾಡುತ್ತಿದೆ ಎಂಬುದಲ್ಲ.

ಒಮ್ಮೆ ಅವಳು ಸ್ಯಾಂಪಲ್ ತಂದಿದ್ದಳು. ಬರೀ ಫಾಯಿಲ್, ಬಾಟಲಿ ಇಲ್ಲ. ಎಳೇ ದ್ರಾಕ್ಷಿಯ ಹಸಿರು. ಅದನ್ನು ಅಪ್ಪನ ಮುಂದೆ ಟೀಪಾಯಿಯ ಮೇಲೆ, ಅವರ ಕನ್ನಡಕದ ಪಕ್ಕ ನಿಲ್ಲಿಸಿದಳು.

“ಅಪ್ಪಾ, ಇದು ಬರೇ ಕಾಗದಿದ್ದಾಂಗ. ಸೆರಿ ಹತ್ತಿಲ್ಲ ಇದಕ್ಕ. ಒಂದ ಸಲ ನೋಡ್ರಿ.”

ಅವರು ಕನ್ನಡಕವನ್ನಷ್ಟೇ ಎತ್ತಿಕೊಂಡರು. “ಹೊರಗ ಇಡು” ಎಂದರು.

ಚಂದನಾ ಅದನ್ನು ಮಡಚದೆ, ಜೋಪಾನವಾಗಿ ಪರ್ಸಿನೊಳಗೆ ಇಟ್ಟುಕೊಂಡಳು. ಮರುದಿನ ಪುಣೆಗೆ ಹೋದಳು. ಆಮೇಲೆ ಆ ಫಾಯಿಲ್ ಏನಾಯಿತೋ ಗೊತ್ತಿಲ್ಲ. ಅವಳ ಸಾಮಾನು ಬಂದಾಗ ಪರ್ಸಿನಲ್ಲಿ ಇರಲಿಲ್ಲ.

ಹೋದ ತಿಂಗಳು ಅವಳ ಜೊತೆ ಕೆಲಸ ಮಾಡುತ್ತಿದ್ದ ಹುಡುಗಿ ಫೋನ್ ಮಾಡಿದಳು. “ಆಂಟಿ, ಕಂಪನಿಯವರು ಚಂದನಾ ಡಿಸೈನ್ ತೆಗೀತಿದ್ದಾರೆ. ಎಳೆಯೋ ತುದಿ ಉಲ್ಟಾ ಅನಿಸ್ತದೆ ಅಂತ ಕಸ್ಟಮರ್ಸ್ ಕಂಪ್ಲೇಂಟಂತೆ. ನಮ್ಮ ಹತ್ರ ಒಂದೂ ಪೀಸ್ ಉಳಿದಿಲ್ಲ. ಸಿಕ್ಕರೆ ತಗೊಂಡುಬಿಡಿ.” ಉಲ್ಟಾ ಅಂದರೆ ಏನೆಂದು ನಾನು ಕೇಳಲಿಲ್ಲ. ಸಿಕ್ಕರೆ ಎಂಬ ಮಾತಷ್ಟೇ ಕಿವಿಯಲ್ಲಿ ಉಳಿಯಿತು.

ಹಾಗೆ ಆ ಬಾಟಲಿ ನನ್ನ ಮಡಿಲಿಗೆ ಬಂತು. ಚಿಕ್ಕೋಡಿ ದಾಟಿ, ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳುತ್ತ ಬರುವಾಗ ದಾರಿಯುದ್ದಕ್ಕೂ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದೆ. ಕುಲುಕಿದರೆ ಬೂಚು ಹಾರೀತೆಂಬ ಭಯ ಒಂದು. ಮನೆ ಹತ್ತಿರ ಬಂದಂತೆ ಇನ್ನೊಂದು ಭಯ.

“ಎಲ್ಲಿ ಇಡೂದ್ರಿ ಇದನ್ನ? ದೇವರ ಮನಿ ಇದ್ದ ಮನಿಯೊಳಗಂತೂ ಬ್ಯಾಡ” ಎಂದಳು ಅಶ್ವಿನಿ.

ಐಡಿಯಾ ಅವಳದೇ. ಈಗ ದ್ರಾಕ್ಷಿಗೆ ಪೇಪರ್ ಸುತ್ತುವ ಕಾಲ. ತೋಟದ ಶೆಡ್ಡಿನಲ್ಲಿ ಹಳೇ ಪೇಪರಿನ ರಾಶಿ ಬಿದ್ದಿರುತ್ತದೆ. ಪೇಪರ್ ಸುತ್ತಿದ ಬಾಟಲಿ ಪೇಪರಿನ ರಾಶಿಯಲ್ಲಿ ಯಾರಿಗೆ ಕಾಣುತ್ತದೆ? ಅಲ್ಲೇ ತುರುಕಿಟ್ಟು ಮನೆಗೆ ಹೋದೆವು.

ದ್ರಾಕ್ಷಿ ಊರಿನವರಲ್ಲದ ಓದುಗರಿಗೆ ಒಂದು ಮಾತು. ಹಣ್ಣು ತುಂಬಿಕೊಳ್ಳುವಾಗ ಬಿಸಿಲು ಬಡಿದು ಬಣ್ಣ ಕೆಡಬಾರದೆಂದು ಒಂದೊಂದು ಗೊಂಚಲಿಗೂ ಪೇಪರ್ ಸುತ್ತುತ್ತೇವೆ. ತೊಟ್ಟಿನ ಹತ್ತಿರ ನಿರಿಗೆ ಹಿಡಿದು ಮಡಿಸಿ, ಒಂದು ಮೂಲೆಯನ್ನು ಬಲಕ್ಕೆ ಹೊರಗೆ ಬಿಡುತ್ತೇವೆ. ಅದಕ್ಕೆ ನಮ್ಮ ತೋಟದಲ್ಲಿ ಕಿವಿ ಎನ್ನುತ್ತಾರೆ. ಕಟಾವಿನ ದಿನ ಒಂದು ಕೈಯಲ್ಲಿ ತೊಟ್ಟು ಹಿಡಿದು, ಕತ್ತರಿ ಇರುವ ಕೈಯ ಬೆರಳಲ್ಲೇ ಕಿವಿ ಎಳೆದರೆ ಪೇಪರ್ ಕಳಚಬೇಕು, ಬೆರಳು ಹಣ್ಣಿಗೆ ತಾಗಬಾರದು. ಹಣ್ಣಿನ ಮೇಲೆ ಬೂದಿಯಂಥ ತೆಳು ಪುಡಿ ಇರುತ್ತದಲ್ಲ, ಅದು ಅಳಿಸಬಾರದು. ಚಂದನಾ ಇನ್ನೂ ಫ್ರಾಕ್ ಹಾಕುತ್ತಿದ್ದಾಗಲೇ ಅವಳ ಅಪ್ಪ ಇದನ್ನು ಕಲಿಸಿದ್ದರು. ಅವಳು ಎಡಚಿ. ಶಾಲೆಯಲ್ಲಿ ತಿದ್ದಲು ನೋಡಿದಾಗ ಇವರೇ ಹೋಗಿ, “ಅಕಿ ಕೈ ಅಕೀಗೆ ಬಿಡ್ರಿ” ಎಂದು ಹೇಳಿ ಬಂದಿದ್ದರು. ಆಗ ಅಪ್ಪ ಮಗಳು ಅಷ್ಟು ಹತ್ತಿರ.

ಮರುದಿನ ಬೆಳಿಗ್ಗೆ ಶೆಡ್ಡಿಗೆ ಹೋದರೆ ಅವರು ನನಗಿಂತ ಮೊದಲೇ ಅಲ್ಲಿದ್ದರು. ಕ್ರೇಟ್ ಬೋರಲು ಹಾಕಿ ಕುಳಿತಿದ್ದರು. ಎರಡು ಮೊಣಕಾಲ ನಡುವೆ ಬಾಟಲಿ. ಸುತ್ತಿದ ಪೇಪರ್ ನೆಲದ ಮೇಲೆ.

ನಾನು ಬಾಗಿಲಲ್ಲೇ ನಿಂತೆ.

“ಇದನ್ನ ಯಾರ ಸುತ್ಯಾರ?” ಎಂದರು.

ಬೈಗುಳಕ್ಕೆ ಸಿದ್ಧಳಾಗಿದ್ದವಳಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. “ಅಂಗಡ್ಯಾವ್ರಿ.”

“ಅನಸ್ತು. ದನದ ಹಿಂಡಿ ಸುತ್ತಿದಾಂಗ ಸುತ್ಯಾನ. ನಮ್ಮ ರಾಶ್ಯಾಗ ಇಂಥಾ ಹೊಲಸ ಮಡಿಕಿ ಎಲ್ಲಿಂದ ಬಂತಂತ ಬಿಚ್ಚಿದೆ.”

“ಚಂದನಾ ಮಾಡಿದ್ದು ಇದು” ಅಂದೆ. “ಇನ್ನ ಮ್ಯಾಲೆ ಬರೂದಿಲ್ಲಂತ. ಬಂದ್ ಮಾಡ್ಯಾರ.”

ಅವರು ಲೇಬಲ್ ತಮ್ಮ ಕಡೆ ಬರುವಂತೆ ಬಾಟಲಿ ತಿರುಗಿಸಿದರು. ಫಾಯಿಲಿನ ಮೇಲೆ ಚಂದನಾ ಸಣ್ಣ ಸಣ್ಣ ಬಿಳಿ ಚುಕ್ಕೆ ಬರೆಸಿದ್ದಳು. ನಾನು ಅದನ್ನು ಸುಮ್ಮನೆ ಅಲಂಕಾರ ಅಂದುಕೊಂಡಿದ್ದೆ. ಇವರ ಹೆಬ್ಬೆರಳು ಅದರ ಹತ್ತಿರ ಹೋಯಿತು. ಮುಟ್ಟಲಿಲ್ಲ. ಹಣ್ಣಿನ ಮೇಲಿನ ಪುಡಿ ಅಳಿಸಬಾರದೆಂದು ಗೊಂಚಲಿನ ಮುಂದೆ ಅವರ ಕೈ ಹೇಗೆ ನಿಲ್ಲುತ್ತದೋ ಹಾಗೆಯೇ ನಿಂತಿತು.

“ಕಿವಿ ಎಡಕ್ಕ ಬಿಟ್ಟಾಳ” ಎಂದರು.

ಆಗ ನೋಡಿದೆ. ಎಳೆಯುವ ತುದಿ ಎಡಗಡೆಗಿತ್ತು.

“ಅಕಿ ಸುತ್ತಿದ ಸಾಲಿಗೆ ಬಂದ್ರ ಹೆಣ್ಣಾಳೆಲ್ಲಾ ನನ್ನ ಜೀವಾ ತಿಂತಿದ್ರು. ಸಾವಕಾರ್ರ, ನಿಮ್ಮ ಮಗಳು ಕಿವಿ ಎಲ್ಲಾ ಉಲ್ಟಾ ಬಿಟ್ಟಾಳ, ಕತ್ತರಿ ಕೈ ಬದಲ ಮಾಡಬೇಕಾಗೇತಿ ಅಂತ. ನೀವ ಕೈ ಬದಲ ಮಾಡ್ರಿ, ಅಕೀಗೇನ ಅನಬ್ಯಾಡ್ರಿ ಅಂತಿದ್ನಿ.”

ಎರಡು ವರ್ಷದಲ್ಲಿ ಅವರು ಅವಳ ಬಗ್ಗೆ ಆಡಿದ ಮೊದಲ ಮಾತು ಇದು. ಹೆಸರು ಹೇಳಲಿಲ್ಲ. ಅಕಿ ಅಂದರು. ಅಷ್ಟು ಸಾಕಿತ್ತು ನನಗೆ. ಕಾನ್ವೆಂಟಿನಲ್ಲಿ ಕಲಿತ ಇಂಗ್ಲಿಷಾಗಲಿ ಬಸದಿಯಲ್ಲಿ ಕೇಳಿದ ಪ್ರವಚನವಾಗಲಿ ಆ ಹೊತ್ತಿಗೆ ನೆರವಿಗೆ ಬರಲಿಲ್ಲ. ಸೆರಗಿನ ತುದಿ ಬಾಯಿಗೆ ಒತ್ತಿಕೊಂಡು ನಿಂತೆ.

ಅವರು ರಾಶಿಯಿಂದ ಹೊಸದೊಂದು ಹಾಳೆ ಆರಿಸಿಕೊಂಡರು. ಬಾಟಲಿಗೆ ಸುತ್ತಿದರು. ಕುತ್ತಿಗೆಯ ಹತ್ತಿರ ನಿರಿಗೆ ಹಿಡಿದರು, ಮಡಿಸಿದರು, ಒಂದು ಮೂಲೆ ಹೊರಗೆ ಬಿಟ್ಟರು. ಎಡಕ್ಕೆ. ಜನ್ಮವಿಡೀ ಬಲಗೈಯಲ್ಲಿ ದುಡಿದ ಮನುಷ್ಯ, ಅದಕ್ಕಾಗಿ ಎರಡು ಸಲ ಬಿಚ್ಚಿ ಮತ್ತೆ ಸುತ್ತಬೇಕಾಯಿತು.

“ಮನಿಯೊಳಗ ಬ್ಯಾಡ” ಎಂದು ಅದನ್ನು ಹಗ್ಗದ ಸಿಂಬಿಗಳ ಪಕ್ಕದ ಹಲಗೆಯ ಮೇಲೆ ಇಟ್ಟರು. “ಇಲ್ಲೇ ಇರಲಿ. ಬಿಸಲ ಬೀಳೂದಿಲ್ಲ.”

ಈ ಬರಹ ಅಚ್ಚಾದ ಮೇಲೆ ಬಸದಿಯ ಮೆಟ್ಟಿಲ ಮೇಲೆ ನಮ್ಮ ಶೆಡ್ಡಿನ ಸುದ್ದಿ ಬರುತ್ತದೆ. ಬರಲಿ. ಕಾಗವಾಡದ ಬೀಗರೂ ಓದಲಿ. ಮಗಳು ಏನು ಮಾಡುತ್ತಿದ್ದಳು ಎಂದು ಅವರು ಕೇಳಿದ್ದರಲ್ಲ, ಉತ್ತರ ತಡವಾಯಿತು.

ಆ ದಿನ ಶೆಡ್ಡಿನ ಬಾಗಿಲು ದಾಟುವಾಗ ನಮ್ಮ ಮನೆಯವರು ನಿಂತರು. ನನ್ನ ಕಡೆ ತಿರುಗಲಿಲ್ಲ.

“ಅಂಗಡ್ಯಾಗ ಇನ್ನೊಂದು ಇತ್ತೇನ?”

“ಇಲ್ರಿ. ಇದೊಂದ ಇತ್ತು.”

ಅವಳೇ ತಂದು ಕನ್ನಡಕದ ಪಕ್ಕ ನಿಲ್ಲಿಸಿದಾಗ ಇವರಿಗೆ ಬೇಡವಾದದ್ದಕ್ಕೆ, ಈಗ ನಾನು ಯಾವ ಊರಿನ ಅಂಗಡಿಗೆ ಹೋಗಲಿ?