ಕಂಡಿಲ್ಲ ಅಂದ ವೆಂಕಟರಾಯಪ್ಪ

ಸೂಲಿಬೆಲೆಯ ಪಕ್ಕದ ಹಳ್ಳಿಯಿಂದ ಬಿ.ಎ. ಓದಲು ಹೊರಟ ಮೊದಲನೆಯವನು ವೆಂಕಟರಾಯಪ್ಪ. ಅವನು ಬೆಂಗಳೂರಿಗೆ ಹೊರಟ ದಿನ ಊರ ದನಗಳು ಸಹ ಮೇಯುವುದನ್ನು ಬಿಟ್ಟು ತಲೆಯೆತ್ತಿ ನೋಡಿದವು ಎಂದು ಅವರಪ್ಪ ಪಿಳ್ಳಪ್ಪ ಕೊನೆಯವರೆಗೂ ಹೇಳುತ್ತಿದ್ದರು. ನನಗೆ ನಂಬಿಕೆಯಿಲ್ಲ. ನಮ್ಮ ಕಡೆಯ ದನ ಬಿ.ಎ.ಗೆಲ್ಲ ತಲೆಯೆತ್ತುವ ಜಾತಿಯಲ್ಲ. ನಾನು ಅರಿಶಿನಕುಂಟೆಯವನು, ಬೆಂಗಳೂರಿನ ಉಚಿತ ಹಾಸ್ಟೆಲಿನಲ್ಲಿ ಅವನ ಕೋಣೆಯವನು, ಕಾಲೇಜಿನಲ್ಲಿ ಅವನ ಬೆಂಚಿನವನು. ಈ ಕಥೆಯಲ್ಲಿ ಅರ್ಧ ನಾನು ಕಂಡದ್ದು, ಅರ್ಧ ಅವನು ಹೇಳಿದ್ದು. ಉಪ್ಪುಖಾರ ಮಾತ್ರ ನನ್ನದು.

ಅವನ ಅಮ್ಮ ಅವನು ತೊಟ್ಟಿಲಲ್ಲಿದ್ದಾಗಲೇ ತೀರಿಕೊಂಡಿದ್ದಳು. ಸಾಕಿದವಳು ಅಜ್ಜಿ ಅಮ್ಮಯಮ್ಮ. ಆಕೆಯ ವಯಸ್ಸು ಊರವರ ಪ್ರಕಾರ ನೂರಹತ್ತು, ಆಕೆಯ ಪ್ರಕಾರ ಅರವತ್ತು. ಸರಿಯಾಗಿ ಗೊತ್ತಿದ್ದವನು ಸೂರ್ಯದೇವರೊಬ್ಬನೇ. ಅವನು ಹೆದರಿ ಬಾಯಿಬಿಡುತ್ತಿರಲಿಲ್ಲ. ಆಕೆಯ ಬಲಗೈಯ ಕಿರುಬೆರಳಿಗೂ ಉಂಗುರದ ಬೆರಳಿಗೂ ತುದಿಯ ಗೆಣ್ಣು ಇರಲಿಲ್ಲ. ಆ ಕಡೆಯ ಕೆಲವು ಮನೆತನಗಳಲ್ಲಿ ಹಿರಿಮಗಳಿಗೆ ಕಿವಿ ಚುಚ್ಚುವ ಮುನ್ನ ತಾಯಿಯಾದವಳು ದೇವರಿಗೆ ಬೆರಳು ಕೊಡುವ ಪದ್ಧತಿ ಹಿಂದೆ ಇತ್ತು. ಗುಡಿಯ ಮುಂದೆ ಮಣೆಯ ಮೇಲೆ ಕೈಯಿಟ್ಟರೆ, ಕಮ್ಮಾರನ ಉಳಿಯಿಂದ ಒಂದೇ ಏಟು. ಸರ್ಕಾರ ಅದನ್ನು ನಿಲ್ಲಿಸಿ ಬಹಳ ಕಾಲವಾಗಿತ್ತು. ಆಮೇಲಿನವರು ಬೆರಳಿಗೆ ಹೂ ಸುತ್ತಿ ಬಿಚ್ಚಿದರೆ ಸಾಕು, ದೇವರು ಒಪ್ಪಿಕೊಳ್ಳುತ್ತಿದ್ದ. ನಿಜವಾಗಿ ಕೊಟ್ಟವರಲ್ಲಿ ಊರಲ್ಲಿ ಉಳಿದಿದ್ದವಳು ಅಮ್ಮಯಮ್ಮ ಒಬ್ಬಳೇ. ಆ ಕೈಯಿಂದಲೇ ಆಕೆ ಮೊಮ್ಮಗನಿಗೆ ಮುದ್ದೆ ಮುರಿದು ಕೊಟ್ಟು, ಕಥೆ ಹೇಳಿ, ಬೆನ್ನಿಗೆರಡು ಬಾರಿಸಿ ದೊಡ್ಡವನನ್ನಾಗಿ ಮಾಡಿದ್ದು.

ಅದು ಯುದ್ಧ ಮುಗಿದರೂ ರೇಷನ್ ಮುಗಿಯದೆ ಇದ್ದ ಕಾಲ. ನಮ್ಮ ತರಗತಿಗೆ ವಾರಕ್ಕೆ ಮೂರು ಗಂಟೆ ಗ್ರೀಕರ ಪುರಾಣದ ಪಾಠವಿತ್ತು. ಅದಿಲ್ಲದೆ ಇಂಗ್ಲಿಷ್ ಕಾವ್ಯ ಅರ್ಥವಾಗದು ಎಂದು ಯಾರೋ ದೊಡ್ಡವರು ತೀರ್ಮಾನಿಸಿದ್ದರು. ಅದಿದ್ದೂ ಅರ್ಥವಾಗಲಿಲ್ಲ, ಆ ಮಾತು ಬೇರೆ. ಅವರ ದೇವರಾಜ ಜ್ಯೂಸನ ಸಂಸಾರಗಳನ್ನು ಬರೆದುಕೊಳ್ಳಲು ನನಗೆ ಮೂರು ಸೀಸೆ ಮಸಿ ಖರ್ಚಾಯಿತು. ಅವನ ಪಕ್ಕದಲ್ಲಿ ನಿಲ್ಲಿಸಿದರೆ ನಮ್ಮ ಇಂದ್ರ ಮಠದ ವಟು. ನಾವೆಲ್ಲ ಈ ಕಾಟದಲ್ಲಿ ಒದ್ದಾಡುತ್ತಿದ್ದರೆ ವೆಂಕಟರಾಯಪ್ಪ ಮಾತ್ರ ಒಂದು ಸಲ ಕೇಳಿದ್ದನ್ನು ಮರೆಯುತ್ತಿರಲಿಲ್ಲ. ಶಾಪ, ವರ, ಬಲಿ ಇವೆಲ್ಲ ಅವನಿಗೆ ಅಜ್ಜಿಯ ಮಡಿಲಲ್ಲೇ ಪಾಠವಾಗಿದ್ದವು.

ಡಿಸೆಂಬರಿನ ಒಂದು ದಿನ ಮೇಷ್ಟ್ರು, ಯುದ್ಧಕ್ಕೆ ಹೊರಟ ಹಡಗುಗಳಿಗೆ ಗಾಳಿ ಬೀಸಲೆಂದು ಹೆತ್ತ ಮಗಳನ್ನೇ ದೇವಿಗೆ ಬಲಿಕೊಟ್ಟ ದೊರೆಯ ಕಥೆ ಹೇಳಿದರು. ತರಗತಿಯ ಅರವತ್ತು ಜನ ನಿಟ್ಟುಸಿರು ಬಿಟ್ಟ ರಭಸಕ್ಕೆ ಹಡಗು ಹೊರಟೇಬಿಡಬೇಕಿತ್ತು. "ನಮ್ಮಲ್ಲಿ ಇಂಥದ್ದು ಯಾರಿಗಾದ್ರೂ ಗೊತ್ತೇನ್ರಯ್ಯಾ?" ಎಂದು ಅವರು ಕೇಳಿದಾಗ ವೆಂಕಟರಾಯಪ್ಪ ಎದ್ದು ನಿಂತು ಬೆರಳಿನ ಕಥೆ ಹೇಳಿದ. ಮುಟ್ಟಿದ್ದೆಲ್ಲ ಸುಡುವ ಕೈಯ ರಾಕ್ಷಸ ಶಿವನನ್ನೇ ಅಟ್ಟಿಸಿಕೊಂಡು ಬಂದ. ಶಿವ ಹೊಲದ ಪೊದೆಯಲ್ಲಿ ಅಡಗಿಕೊಂಡ. ಉಳುತ್ತಿದ್ದ ರೈತ ಬಾಯಲ್ಲಿ "ಕಂಡಿಲ್ಲ" ಎಂದ, ಕಿರುಬೆರಳಲ್ಲಿ ಪೊದೆ ತೋರಿಸಿದ. ರಾಕ್ಷಸ ಸತ್ತ ಮೇಲೆ ಶಿವ ಹೊರಗೆ ಬಂದು ಆ ಬೆರಳು ಕೇಳಿದ. ಬುತ್ತಿ ತಂದಿದ್ದ ಹೆಂಡತಿ ಅಡ್ಡ ಬಂದು, "ಇವರ ಬೆರಳು ಹೋದರೆ ನೇಗಿಲು ಹಿಡಿಯುವವರು ಯಾರು, ನನ್ನವು ಎರಡು ತಗೋ" ಎಂದಳು.

ಹಿಂದಿನ ಬೆಂಚಿನ ಪೇಟೆಯ ಹುಡುಗನೊಬ್ಬ, "ಯಾವ ಕಾಡುಜನಾನೋ ಇವರು!" ಎಂದ. ನಗು ಎದ್ದಿತು. ಮಗಳನ್ನು ಕೊಂದ ದೊರೆಗೆ ನಿಟ್ಟುಸಿರು, ಗಂಡನ ಬೆರಳು ಉಳಿಸಿದವಳಿಗೆ ನಗು. ಗ್ರೀಸಿನಲ್ಲಿ ಮಾಡಿದರೆ ಸಾಹಿತ್ಯ, ಸೂಲಿಬೆಲೆಯಲ್ಲಿ ಮಾಡಿದರೆ ಪೊಲೀಸ್ ಕೇಸು.

ಮೇಷ್ಟ್ರು ನಗಲಿಲ್ಲ. "ಅಂಥ ಹೆಂಗಸರು ಈಗಲೂ ಯಾರಾದ್ರೂ ಇದ್ದಾರೇನಯ್ಯಾ? ನಿಮ್ಮ ಮನೇಲಿ?"

ವೆಂಕಟರಾಯಪ್ಪನ ಕಿವಿ ಕೆಂಡವಾಗಿದ್ದವು. "ಇಲ್ಲ ಸಾರ್. ಅವರು ಬೇರೆ ಜನ. ಎಲ್ಲಾ ಸತ್ತುಹೋದರು. ನಾನು ಯಾರನ್ನೂ ಕಂಡಿಲ್ಲ."

ನಾನು ಅವನ ಮುಖ ನೋಡಿದೆ. ಹಿಂದಿನ ವಾರವಷ್ಟೇ ಆ ಅಜ್ಜಿ ಕಳಿಸಿದ್ದ ಹುರುಳಿಕಾಳಿನ ಉಸಲಿಯನ್ನು ಇಬ್ಬರೂ ತಿಂದಿದ್ದೆವು.

ಸುಳ್ಳು ಅಲ್ಲಿಗೇ ಮುಗಿಯಬಹುದಿತ್ತು. ಆದರೆ ಮೇಷ್ಟ್ರು ಹಿಡಿದದ್ದು ಬಿಡುವವರಲ್ಲ. ಜನವರಿಯ ಒಂದು ಭಾನುವಾರ ಕೊರಳಿಗೆ ಕ್ಯಾಮೆರಾ ನೇತುಹಾಕಿಕೊಂಡು, "ನಿಮ್ಮ ಕಡೆಯೇ ಅಲ್ಲವೇನಯ್ಯಾ, ದಾರಿ ತೋರಿಸು ಬಾ" ಎಂದು ಅವನನ್ನು ಕರೆದುಕೊಂಡು ಸೂಲಿಬೆಲೆಗೆ ಹೊರಟರು. ಆಗಿನದು ಇದ್ದಿಲ ಗ್ಯಾಸಿನ ಬಸ್ಸು. ಹೊಸಕೋಟೆ ದಾಟುವಷ್ಟರಲ್ಲಿ ಹತ್ತಿದ ಹುಡುಗರಿಗೆ ಮೀಸೆ ಬರುತ್ತಿತ್ತು. ಅವತ್ತು ಅದು ಗರುಡನಂತೆ ಹಾರಿತು ಎಂದು ವೆಂಕಟರಾಯಪ್ಪ ಹೇಳುತ್ತಿದ್ದ. ಬೇಡವೆಂದಾಗಲೇ ಬಸ್ಸಿಗೆ ಜೀವ ಬರುವುದು.

ಸೂಲಿಬೆಲೆಯ ಹೋಟೆಲಿನಲ್ಲಿ ಮೇಷ್ಟ್ರು ವಿಚಾರಿಸಿದರೆ ಮುದುಕನೊಬ್ಬ, "ಬೆರಳು ಕೊಟ್ಟೋರಾ? ಒಂದೇ ಒಂದು ಮುದುಕಿ ಅವ್ಳೆ ಸಾಮಿ. ಆ ಕೆರೆ ಏರಿ ಹಿಡ್ಕಂಡೋಗಿ, ಕಣದಾಗೆ ಕುಂತಿರ್ತಾಳೆ" ಎಂದ. ವೆಂಕಟರಾಯಪ್ಪ ತನ್ನೂರಿಗೆ ತಾನು ಹೊಸಬನಂತೆ ಏರಿಯ ಮೇಲೆ ಮೇಷ್ಟ್ರ ಹಿಂದೆ ನಡೆದ.

ಉಳಿದವರೆಲ್ಲ ಉಣ್ಣಲು ಮನೆಗೆ ಹೋಗಿದ್ದರು. ರಾಗಿಯ ರಾಶಿಗೆ ಕಾವಲಾಗಿ ಅಮ್ಮಯಮ್ಮ ಒಬ್ಬಳೇ ಕೂತಿದ್ದಳು. ಮೊಮ್ಮಗನನ್ನು ಕಂಡು ಅವಳ ಮುಖ ಅರಳುವಷ್ಟರಲ್ಲೇ ಮೇಷ್ಟ್ರು ಮಾತು ಶುರು ಮಾಡಿಬಿಟ್ಟರು. "ನಮಸ್ಕಾರ ತಾಯಿ. ನಿಮ್ಮಂಥೋರು ಯಾರೂ ಉಳಿದಿಲ್ಲ, ಅವರು ಬೇರೆ ಜನ, ನಾನು ಕಂಡೇ ಇಲ್ಲ ಅಂತ ನಮ್ಮ ಈ ಹುಡುಗ ತರಗತೀಲಿ ಹೇಳಿದ್ದ. ನೋಡಿ, ಎಂಥಾ ತಪ್ಪು!"

ಅಜ್ಜಿ ವೆಂಕಟರಾಯಪ್ಪನನ್ನು ನೋಡಿದಳು. ಅವನು ರಾಗಿಯ ರಾಶಿ ನೋಡಿದ. ಒಂದು ಮಾತು ಸಾಕಿತ್ತು.

"ಯಾರಪ್ಪಾ ಈ ಹುಡುಗ? ಪ್ಯಾಟೆಯವರೇನೋ," ಎಂದಳು ಅಮ್ಮಯಮ್ಮ. "ಅವರಿಗೆಂಗೆ ಗೊತ್ತಾಯ್ತದೆ ಬುಡಿ ಸಾಮಿ."

ಮೇಷ್ಟ್ರು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಳು. ಕಥೆಯನ್ನೂ ಹೇಳಿದಳು. ರೈತ ಬಾಯಲ್ಲಿ ಕಂಡಿಲ್ಲ ಎಂದ ಕಡೆ ಬಂದಾಗ ಸ್ವಲ್ಪ ನಿಧಾನ ಮಾಡಿದಳು, ಅಷ್ಟೆ. ಸಂತೋಷದಿಂದ ಮೇಷ್ಟ್ರು ತಮ್ಮ ಗ್ರೀಕ್ ದೊರೆಯ ಕಥೆಯನ್ನು ಆಕೆಗೆ ಒಪ್ಪಿಸಿದರು.

"ಮಗಳ್ನೇ ಕೊಯ್ದನಾ! ಅವ್ಳವ್ವ ಸುಮ್ಕಿದ್ಲಾ?"

"ಇಲ್ಲ ತಾಯಿ. ದೊರೆ ಯುದ್ಧ ಗೆದ್ದು ಬಂದಾಗ ಸ್ನಾನದ ಮನೇಲೇ ಕೊಂದಳು."

"ಸರ್ಯಾಗೇ ಮಾಡೌಳೆ. ನೀರು ಕಾಯಿಸಿದ್ದು ದಂಡ ಆಗ್ಲಿಲ್ಲ."

ಕ್ಯಾಮೆರಾದಲ್ಲಿ ಉಳಿದಿದ್ದದ್ದು ಒಂದೇ ಚಿತ್ರಕ್ಕಾಗುವಷ್ಟು ಫಿಲಂ. ಮುದುಕಿಯ ಕೈ ನಡುಗುತ್ತಿತ್ತು. "ಸ್ವಲ್ಪ ಹಿಡ್ಕೊಳ್ಳಯ್ಯಾ," ಎಂದರು ಮೇಷ್ಟ್ರು. ತನ್ನ ಬಾಯಿಗೆ ಹದಿನೈದು ವರ್ಷ ಅನ್ನವಿಟ್ಟ ಕೈಯನ್ನು ವೆಂಕಟರಾಯಪ್ಪ ಗುರುತಿಲ್ಲದವನ ಹಾಗೆ ಹಿಡಿದುಕೊಂಡು ನಿಂತ. ಚಿತ್ರವೇನೋ ಚೆನ್ನಾಗಿ ಬಂತು. ಯಾವ ಕೈ ನಡುಗುತ್ತಿತ್ತು ಎಂಬುದು ಮಾತ್ರ ಅದರಲ್ಲಿ ತಿಳಿಯುವುದಿಲ್ಲ.

ಶಿವರಾತ್ರಿಗೆ ಊರಿಗೆ ಹೋದವನಿಗೆ ಅಜ್ಜಿ ಬಾಗಿಲಲ್ಲೇ ಕಾಲಿಗೆ ನೀರು ಕೊಟ್ಟಳು, ಚಾಪೆ ಹಾಸಿದಳು. "ಬನ್ನಿ ಸಾಮಿ, ಕುಂತ್ಕಳಿ. ಪ್ಯಾಟೆಯಿಂದ ಬಂದ್ರಾ? ದಣಿದೀರಿ." ಪಿಳ್ಳಪ್ಪ ತಮಾಷೆಯೆಂದುಕೊಂಡು ನಕ್ಕರು. ಊಟಕ್ಕೆ ಎಲೆ ಹಾಕಿ ಮೊದಲು ಅವನಿಗೇ ಬಡಿಸಿದಳು. ಉಂಡ ಎಲೆ ಎತ್ತಲು ಹೋದರೆ, ನೀರು ಸೇದಲು ಹೋದರೆ, "ಅಯ್ಯೋ, ಬಂದೋರ ಕೈಲಿ ಕೆಲ್ಸ ಮಾಡಿಸ್ತಾರಾ?" ಎಂದು ಕಿತ್ತುಕೊಂಡಳು. ಬೈಗುಳವೇ ಇಲ್ಲ. ಮೊದಲೆಲ್ಲ ಆಕೆ ಅವನಿಗೆ ಬೈದರೆ ಮೂರು ಹೊಲದಾಚೆಯ ಗುಬ್ಬಿಗಳು ಹಾರಿಹೋಗುತ್ತಿದ್ದವು. ಎರಡು ದಿನದ ಆ ಉಪಚಾರದಲ್ಲಿ ಅವನು ಅರ್ಧ ಸೇರು ಇಳಿದುಹೋದ.

ಮೂರನೆಯ ದಿನ ಕಾಲು ಹಿಡಿದುಕೊಂಡ. "ಅಜ್ಜೀ, ತಪ್ಪಾಯ್ತು. ನಾನು ನಿನ್ ಮೊಮ್ಮಗ."

"ನನ್ ಮುಂದೆ ಯೋಳಿದ್ರೆ ಏನು ಬಂತು ಸಾಮಿ? ನಂಗೆ ಗೊತ್ತಿರೋದೇ ಅಲ್ವಾ? ಎಲ್ಲಿ ಕಳ್ಕಂಡ್ರೋ ಅಲ್ಲೇ ಹುಡುಕ್ಕಳಿ."

ಹಾಸ್ಟೆಲಿಗೆ ಬಂದವನು ಹದಿನೈದು ದಿನ ಸರಿಯಾಗಿ ಉಣ್ಣಲಿಲ್ಲ. "ಹೋಗ್ಲಿ ಬಿಡ್ಲಾ, ಪರೀಕ್ಷೆ ಮುಗೀಲಿ," ಎಂದೆ ನಾನು. ಹಾಗೆನ್ನಲು ಕಾರಣವಿತ್ತು. ಆ ವರ್ಷ ಚಳಿಜ್ವರದಲ್ಲಿ ಬಿದ್ದು ಅವನ ಹಾಜರಾತಿ ತೀರಾ ಅಂಚಿಗೆ ಬಂದಿತ್ತು. ಇನ್ನೊಂದು ಗಂಟೆ ತಪ್ಪಿದರೆ ಪರೀಕ್ಷೆಗೆ ಕೂರಿಸುತ್ತಿರಲಿಲ್ಲ. ನಮ್ಮ ಮೇಷ್ಟ್ರು ಹಾಜರಿ ಕರೆಯುತ್ತಿದ್ದದ್ದೂ ಗಂಟೆಯ ಕೊನೆಯಲ್ಲಿ.

ಆ ವರ್ಷದ ಕೊನೆಯ ತರಗತಿ, ಬೆಳಗಿನ ಹೊತ್ತು. ಮೇಷ್ಟ್ರು ಮುಖ್ಯ ಪ್ರಶ್ನೆಗಳನ್ನು ಹೇಳುತ್ತಿದ್ದರು. ಅರವತ್ತು ಲೇಖನಿಗಳು ಮಿಡತೆಯ ಹಿಂಡಿನಂತೆ ಕರಕರ ಎನ್ನುತ್ತಿದ್ದವು. ವೆಂಕಟರಾಯಪ್ಪ ಎದ್ದು ನಿಂತ.

"ಸಾರ್, ನಾನು ಸುಳ್ಳು ಹೇಳಿದ್ದೆ. ಫೋಟೋ ತೆಗೆದ್ರಲ್ಲ, ಅವರು ನಮ್ಮಜ್ಜಿ. ನನ್ನನ್ನ ಸಾಕಿದೋರು. ಕಾಡುಜನ ಅಂದ್ರಲ್ಲ, ನಾವೇ."

ಒಬ್ಬಿಬ್ಬರು ತಲೆಯೆತ್ತಿದರು. ಕಾಡುಜನ ಎಂದಿದ್ದವನಿಗೆ ಆ ಮಾತೇ ನೆನಪಿದ್ದಂತೆ ಕಾಣಲಿಲ್ಲ. ಮೇಷ್ಟ್ರು ಗಡಿಯಾರ ನೋಡಿದರು. "ಒಳ್ಳೇದಯ್ಯಾ. ಆದರೆ ಇದು ಪರೀಕ್ಷೆಗೆ ಬರೋದಿಲ್ಲ, ಕೂತ್ಕೋ. ಆರನೇ ಪ್ರಶ್ನೆ, ಬರ್ಕೊಳ್ಳಿ."

ನಾನು ಅವನ ಅಂಗಿ ಹಿಡಿದೆಳೆದೆ. ಅಂಗಿಯ ಚುಂಗು ನನ್ನ ಕೈಯಲ್ಲಿ ಉಳಿಯಿತು, ಅವನು ಬಾಗಿಲು ದಾಟಿದ್ದ. ಬಸ್ಸಿಗೂ ಕಾಯದೆ ಇಪ್ಪತ್ತೆರಡು ಮೈಲಿ ನಡೆದು, ದೀಪ ಹಚ್ಚುವ ಹೊತ್ತಿಗೆ ಊರು ಸೇರಿದ. ಅಜ್ಜಿ ಬಾಗಿಲಿಗೆ ನೀರಿನ ಚೊಂಬು ತಂದಳು. ಅವನು ಅದನ್ನು ಮುಟ್ಟದೆ ನಡೆದದ್ದನ್ನೆಲ್ಲ ಹೇಳಿದ.

"ಅಷ್ಟು ಜನದ ಮುಂದೂ ಯೋಳಿದ್ರಾ?"

"ಹೇಳ್ದೆ."

"ಏನಂದ್ರು?"

"ಕೂತ್ಕೋ ಅಂದ್ರು."

"ಕುಂತ್ರಾ?"

"ಇಲ್ಲ. ಬಂದ್ಬಿಟ್ಟೆ. ಈ ವರ್ಷ ಪರೀಕ್ಷೆ ಹೋಯ್ತು ಅಜ್ಜಿ."

ಅಮ್ಮಯಮ್ಮ ಚೊಂಬನ್ನು ಕೆಳಗಿಟ್ಟು ಬಹಳ ಹೊತ್ತು ಬೀದಿ ನೋಡುತ್ತ ನಿಂತಳು. ಒಂದು ವರ್ಷದ ಓದು ಅಂದರೆ ಏನೆಂದು ಆಕೆಗೆ ತಿಳಿಯದ್ದಲ್ಲ. ಕೊನೆಗೆ ತಿರುಗಿ, "ನೋಡ್ತಾ ನಿಂತವ್ನೆ ನೋಡು, ಮುಂಡೇದು!" ಎಂದಳು. "ಕೊಟ್ಟಿಗೇಲಿ ಸಗಣಿ ಅಂಗೇ ಬಿದ್ದದೆ. ಬಾಚಾಕಿ ಬಾ, ಓಗ್ಲಾ. ಆಮೇಲೆ ಮುದ್ದೆ."

ವೆಂಕಟರಾಯಪ್ಪ ಕೊಟ್ಟಿಗೆಗೆ ಓಡಿದ. ಅವತ್ತು ಅವನು ಬಾಚಿದ ರಭಸಕ್ಕೆ ನೆಲ ಒಂದು ಗೇಣು ತಗ್ಗಿತು, ಎತ್ತುಗಳು ಮರುದಿನ ಗೋದಲಿಗೆ ಕತ್ತು ನಿಗುರಿಸಿಕೊಂಡು ಮೇಯಬೇಕಾಯಿತು.