ಬಾಣಂತಿಗೆ ಕಾಳು ಕೂಡದು

ಅವರೆಕಾಯಿ ಸುಲಿದ ಬೆರಳನ್ನು ನೀವು ಯಾವತ್ತಾದರೂ ಮೂಸಿ ನೋಡಿದ್ದೀರಾ? ಇಲ್ಲದಿದ್ದರೆ ಬಂಗಾರಪೇಟೆಗೆ ಬನ್ನಿ. ನನ್ನ ಬೆರಳು ಹತ್ತೂ ಇವೆ, ಪುಕ್ಕಟೆ ಮೂಸಬಹುದು. ನಮ್ಮ ಸೋದರತ್ತೆ ಬೆಳಿಗ್ಗೆ ನಡುಮನೆಯಲ್ಲಿ ಅವರೆಕಾಯಿಯ ಬೆಟ್ಟವನ್ನೇ ಸುರಿದು ನನ್ನನ್ನು ಕೂರಿಸಿದಳು. ಬೆಟ್ಟ ಎಂದರೆ ಬೆಟ್ಟವೇ, ಆಚೆ ಬದಿ ಕೂತಿದ್ದ ಅತ್ತೆ ಮಧ್ಯಾಹ್ನದವರೆಗೆ ನನಗೆ ಕಾಣಿಸಲೇ ಇಲ್ಲ. ಸುಲಿದ ಕಾಳನ್ನು ನೆನೆಹಾಕಿ, ಒಂದೊಂದನ್ನೇ ಹಿತುಕಿ, ಸಿಪ್ಪೆಯಿಂದ ಹೊರಗೆ ಹಾರಿಸಬೇಕು. ನಾನು ಹಿತುಕಿದ ಕಾಳು ಬಾಗಿಲು ದಾಟಿ, ಬೀದಿ ದಾಟಿ, ಟಿಕೆಟ್ಟಿಲ್ಲದೆ ಮದರಾಸಿನ ರೈಲು ಹತ್ತುತ್ತದೆ. ಇಷ್ಟಾದ ಮೇಲೆ ನೀವು ಕೈಗೆ ಸೋಪು ಹಾಕಿ, ಬೂದಿ ಹಾಕಿ, ಏನೇ ಹಾಕಿ ಉಜ್ಜಿ, ಆ ಸೊಗಡು ಮೂರು ದಿನ ಬಿಡುವುದಿಲ್ಲ.

ಊರೆಲ್ಲ ಈ ವಾಸನೆಗೆ ಬಾಯಿ ಚಪ್ಪರಿಸುತ್ತದೆ. ನನಗೆ ಮಾತ್ರ ಉರಿಗಾಮಿನ ತಗಡಿನ ಮನೆ ಕಣ್ಣ ಮುಂದೆ ಬರುತ್ತದೆ. ಐದು ವರ್ಷದ ಹಿಂದಿನ ಮಾತು. ನನಗೆ ಆಗ ಹದಿಮೂರು.

ಆ ಮನೆಯಲ್ಲಿ ನಾವು ನಾಲ್ಕೂವರೆ ಜನ. ಅಪ್ಪ ಅಮ್ಮನ ಜಾಗದಲ್ಲಿದ್ದ ಅಜ್ಜಿ, ಚಿನ್ನದ ಗಣಿಗೆ ಇಳಿಯುವ ಅಣ್ಣ, ಬೂದಿಕೋಟೆಯಿಂದ ಬಂದ ಅತ್ತಿಗೆ, ನಾನು ಮತ್ತು ಮೂರು ತಿಂಗಳ ಕೂಸು. ಕೂಸಿನ ಗಂಟಲು ಕೇಳಿದವರು ಅದನ್ನೇ ಇಡೀ ಎಂದು ಎಣಿಸಿ ನನ್ನನ್ನು ಅರ್ಧ ಮಾಡುತ್ತಿದ್ದರು. ನಮ್ಮದು ಲಿಂಗ ಕಟ್ಟುವ ಮನೆ. ಸುತ್ತಲೂ ತಮಿಳು ಮಾತಾಡುವ ಗಣಿ ಕೆಲಸದವರು, ಭಾನುವಾರ ಬಂತೆಂದರೆ ಗಣಿ ಮನೆಗಳ ಲೈನಿನ ಉದ್ದಕ್ಕೂ ಒಣಮೀನಿನ ಹೊಗೆ. ಅಜ್ಜಿ ಅವತ್ತು ಮೂಗಿಗೆ ಸೆರಗು ಕಟ್ಟಿಕೊಂಡೇ ಪೂಜೆಗೆ ಕೂರುತ್ತಿದ್ದಳು. ಮೊಟ್ಟೆ ಎಂಬ ಮಾತು ಆಡಿದರೂ ಬಾಯಿ ಮುಕ್ಕಳಿಸಬೇಕು. ನಾನು ಅವಳನ್ನು ರೇಗಿಸಲು ದಿನಕ್ಕೆ ಹತ್ತು ಸಲ ಆಡಿ ಹತ್ತು ಸಲ ಮುಕ್ಕಳಿಸಿ, ಇಡೀ ಉರಿಗಾಮಿನಲ್ಲಿ ನನ್ನಷ್ಟು ಮಡಿಯಾದ ಬಾಯಿ ಇನ್ನೊಂದಿರಲಿಲ್ಲ.

ಯುದ್ಧದ ಕಾಲ. ಅಕ್ಕಿಗೆ ರೇಷನ್ನು, ಬೇಳೆಗೆ ಪರದಾಟ. ಅಣ್ಣ ಮಿಷನ್ನು ಹಿಡಿದು ಬಂಡೆಗೆ ತೂತು ಕೊರೆಯುವ ಕೆಲಸದವನು. ದಿನದಿನಕ್ಕೆ ಸವೆದು, ಕೆಮ್ಮಿದರೆ ಎದೆಗೂಡಿನಲ್ಲಿ ಖಾಲಿ ಡಬ್ಬ ಅಲ್ಲಾಡಿಸಿದ ಸದ್ದು. ಗಣಿ ಆಸ್ಪತ್ರೆಯ ಕಾಂಪೌಂಡರು ನೋಡಿ ಹೇಳಿದನಂತೆ, "ಮೊಟ್ಟೆ ತಿನ್ನಯ್ಯಾ, ಎಲುಬಿನ ಸಾರು ಕುಡಿ."

"ನಾವು ತಿನ್ನಲ್ಲ ಸಾಮಿ."

"ಅಂಗಾದ್ರೆ ಕಾಳು ತಿನ್ನು. ಇಲ್ದಿದ್ರೆ ಮಿಷನ್ನೇ ನಿನ್ನ ಎತ್ಕಂಡು ಓಗ್ತದೆ."

ಅವತ್ತಿನಿಂದ ಮನೆಗೆ ಬಂದ ಕಾಳೆಲ್ಲ ಅಣ್ಣನದು. ಅಜ್ಜಿಯ ಸೌಟು ಪಾತ್ರೆಯ ತಳ ಮುಟ್ಟಿದರೆ ಅಣ್ಣನಿಗೆ, ಮೇಲೆ ತೇಲಿದರೆ ನನಗೆ. ಅಣ್ಣ ಗಾಡಿಗಟ್ಟಲೆ ಕಲ್ಲು ಒಡೆದು ಚಿಟಿಕೆ ಚಿನ್ನ ಕಾಣುತ್ತಿದ್ದ. ನಾನು ತಟ್ಟೆ ತುಂಬ ಸಾರು ಜಾಲಾಡಿ ಒಂದು ಕಾಳು ಕಾಣುತ್ತಿದ್ದೆ. ಅವನಿಗಾದರೂ ಅದಕ್ಕೆ ಸಂಬಳ ಇತ್ತು.

ಅತ್ತಿಗೆಯ ಕಥೆ ಇನ್ನೂ ಚೆಂದ. ಅವಳು ಬಾಣಂತಿ. ಮುದ್ದೆ ತೊಳಸಲು ಅಜ್ಜಿಗೆ ತ್ರಾಣ ಇಲ್ಲವೆಂದು ಮೂರು ತಿಂಗಳಿಗೇ ತವರಿನಿಂದ ಕರೆಸಿಕೊಂಡಿದ್ದೆವು. ಬಾಣಂತಿಗೆ ಅವರೆ ಕೂಡದು, ವಾಯು. ಹುರುಳಿ ಕೂಡದು, ಉಷ್ಣ. ಕಡಲೆಕಾಯಿ ಪಿತ್ತ, ಮೊಸರು ಶೀತ. ತಾಯಿ ತಿಂದದ್ದು ಕೂಸಿನ ಹೊಟ್ಟೆಗೆ ಇಳಿಯುತ್ತದೆ. ಇಷ್ಟೆಲ್ಲ ಕಳೆದ ಮೇಲೆ ಉಳಿಯುವುದು ಗಾಳಿ, ಅದೂ ಒಳಗೆ ಹೋಗದಿರಲೆಂದು ಕಿವಿಗೆ ಹತ್ತಿ ಇಟ್ಟಿದ್ದರು. ಉಣ್ಣಲಿಕ್ಕೆ ಮುದ್ದೆ, ಮೆಣಸಿನ ಸಾರು, ಒಂದೆರಡು ಸುಟ್ಟ ಬೆಳ್ಳುಳ್ಳಿ. ಬೂದಿಕೋಟೆಯಲ್ಲೂ ಇದೇ ಪಥ್ಯವೇ. ಆದರೆ ಅಲ್ಲಿ ಕೊಟ್ಟಿಗೆಯಲ್ಲಿ ಹಸು ಇತ್ತು, ಮುದ್ದೆಯ ಮೇಲೆ ತುಪ್ಪ, ಮೇಲೊಂದು ಲೋಟ ಹಾಲು. ಪಥ್ಯ ಅವಳ ಜೊತೆ ಗಾಡಿ ಹತ್ತಿ ಉರಿಗಾಮಿಗೆ ಬಂತು. ಹಸು ಬರಲಿಲ್ಲ.

ಹೀಗಿದ್ದೂ ಅತ್ತಿಗೆ ದಪ್ಪ ಆದಳು.

ನಿಜ! ನನ್ನ ಪಕ್ಕೆಯ ಎಲುಬು ಎಣಿಸಬಹುದಾಗಿದ್ದ ದಿನಗಳಲ್ಲಿ ಅವಳ ಪಾದ ತುಂಬಿಕೊಂಡವು, ಕೆನ್ನೆ ಉಬ್ಬಿದವು. ಅಜ್ಜಿ ನೀರಿನ ಕೊಳಾಯಿಯ ಹತ್ತಿರ ಜಂಬ ಹೊಡೆದಳು, "ನಮ್ ಸೊಸೆಗೆ ಕಾಲುಂಗ್ರ ಇಡಿಸ್ತಿಲ್ಲ ಕಣಮ್ಮಾ, ಅಷ್ಟು ಮೈ ಬಂದೈತೆ. ಪತ್ಯ ಅಂದ್ರೆ ಇಂಗಿರ್ಬೇಕು."

ನನಗೆ ಇಷ್ಟು ಸಾಕಾಯಿತು. ಅತ್ತಿಗೆ ಕದ್ದು ಕಾಳು ತಿನ್ನುತ್ತಾಳೆ ಎಂದು ಒಂದು ಆಟ ಕಟ್ಟಿದೆ. ತುದಿಗಾಲಲ್ಲಿ ಬರುವುದು, ಪಾತ್ರೆಯೊಳಗೆ ತಲೆ ಹಾಕುವುದು, ತಲೆ ಸಿಕ್ಕಿಕೊಳ್ಳುವುದು, ಪಾತ್ರೆ ಹೊತ್ತುಕೊಂಡೇ ಕೂಸಿಗೆ ಹಾಲೂಡಿಸುವುದು. ಕೊಳಾಯಿ ಸಾಲಿನಲ್ಲಿ ದಿನಾ ಆಡಿ ತೋರಿಸುತ್ತಿದ್ದೆ. ಪಕ್ಕದ ಮನೆಯ ಅಂಜಲಕ್ಕ ಬಿಂದಿಗೆ ಕೆಳಗಿಟ್ಟು ನಗುತ್ತಿದ್ದಳು, "ಪೋಡಾ ತಂಬಿ, ವಯಿತ್ತುವಲಿ ಬರ್ತದೆ, ನಿಲ್ಸು!" ಹೊಟ್ಟೆ ನೋಯುವಷ್ಟು ನಗು ಎಂದರೆ ನನಗೆ ಬಿರುದು ಕೊಟ್ಟ ಹಾಗೆ. ಅತ್ತಿಗೆಯೂ ಬಾಗಿಲಲ್ಲಿ ನಿಂತು ನಗುತ್ತಿದ್ದಳು. ಆಮೇಲೆ ಒಲೆಯ ಹತ್ತಿರ ಒಬ್ಬಳೇ ಇರುವುದನ್ನು ಬಿಟ್ಟಳು. ಅದನ್ನು ನಾನು ಗಮನಿಸಿದೆ, ಅದಕ್ಕೂ ಒಂದು ಆಟ ಕಟ್ಟಿದೆ.

ಒಂದು ದಿನ ಅಣ್ಣನ ಬುತ್ತಿಗೆಂದು ಅವರೆಕಾಳು ಬೇಯಿಸಿ ಇಳಿಸಿತ್ತು. ಅಜ್ಜಿ ಹೊರಗೆ ಜಗಲಿಯಲ್ಲಿ ಹೆಂಗಸರ ಜೊತೆ ರಾಗಿ ಕೇರುತ್ತಿದ್ದಳು. ಅತ್ತಿಗೆ ಗೋಡೆ ಹಿಡಿದುಕೊಂಡು ಬಂದು ನನ್ನ ಮುಂದೆ ಕೂತಳು. ಅಂಗೈ ಚಾಚಿದಳು.

"ಮರೀ, ಒಂದಿಡಿ ಕಾಳು ಕೊಡೋ. ಬಾಯಿ ಚಪಲಕ್ಕಲ್ಲ ಕಣೋ. ಎದ್ರೆ ಮಣಕಾಲು ನಡುಗ್ತದೆ. ಎದೆಯಾಗೆ ಆಲೂ ಇಲ್ಲ."

ಆ ಅಂಗೈ ನನಗೆ ಈಗಲೂ ಕಾಣುತ್ತದೆ. ಆಗ ಕಂಡದ್ದು ಮಾತ್ರ ಹೊರಗೆ ಕೂತಿದ್ದ ಐದಾರು ಹೆಂಗಸರು. ಅಷ್ಟು ಜನ ನಗುವವರು ಒಟ್ಟಿಗೆ ಸಿಗುವುದು ಅಪರೂಪ.

"ಅಜ್ಜೀ!" ಎಂದು ತಗಡು ಅದುರುವ ಹಾಗೆ ಕೂಗಿದೆ. "ಬಾರೇ ಬೇಗ, ಕಾಳಿನ ಕಳ್ಳಿ ಕೈಗೆ ಸಿಕ್ಕವ್ಳೆ!"

ಬಾಗಿಲ ತುಂಬ ಮುಖಗಳು. ಎಲ್ಲರೂ ನಕ್ಕರು. ಅಜ್ಜಿ ನಗುತ್ತಲೇ ಪಾತ್ರೆ ಎತ್ತಿ ಅಟ್ಟದ ಮೇಲೆ ಇಟ್ಟು, "ಕೂಸಿಗೆ ವಾಯು ಆದ್ರೆ ಯಾರೇ ನೋಡೋರು?" ಎಂದಳು. ಅತ್ತಿಗೆಯೂ ನಕ್ಕಳು. ಅಂಗೈಯನ್ನು ಸೆರಗಿಗೆ ಒರೆಸಿಕೊಂಡಳು. ಒರೆಸಲು ಅದರಲ್ಲಿ ಏನೂ ಇರಲಿಲ್ಲ.

ಮತ್ತೆ ಅವಳು ಯಾರನ್ನೂ ಏನನ್ನೂ ಕೇಳಲಿಲ್ಲ.

ಹತ್ತು ಹನ್ನೆರಡು ದಿನ ಕಳೆದಿರಬೇಕು. ಕಾಲುಂಗುರ ಬೆರಳಿಗೆ ಕಚ್ಚಿಕೊಂಡು ಗಾಯವಾಯಿತೆಂದು ಅಂಜಲಕ್ಕ ಎಣ್ಣೆ ಹಚ್ಚಿ ಬಿಡಿಸಲು ಬಂದಳು. ಪಾದ ಹಿಡಿದವಳು ಅದನ್ನು ಬೆಳಕಿಗೆ ತಿರುಗಿಸಿದಳು. ಹೆಬ್ಬೆರಳು ಒತ್ತಿದ ಕಡೆ ಒಂದು ಕುಳಿ ಬಿದ್ದಿತ್ತು. ಹಣ್ಣಾಯಿತೇ ಎಂದು ಹಲಸು ಒತ್ತಿ ನೋಡುವವಳ ಹಾಗೆ ಇನ್ನೂ ಮೇಲೆ, ಮೊಣಕಾಲಿನ ಕೆಳಗೆ, ಒತ್ತಿದಳು. ಅಲ್ಲೂ ಕುಳಿ. ನಾವೆಲ್ಲ ನೋಡುತ್ತ ಕೂತಿದ್ದೆವು, ಆ ಕುಳಿಗಳು ಮೇಲೇಳಲೇ ಇಲ್ಲ.

"ಐಯೋ ಅಮ್ಮಾ," ಎಂದಳು ಅಂಜಲಕ್ಕ ಅಜ್ಜಿಗೆ. "ಇದು ಮೈ ಅಲ್ಲ, ನೀರು. ಹಸಿವಿನ ನೀರು. ನಮ್ ಆರ್ಕಾಟ್ ಕಡೆ ಪಂಜಂ, ಬರಗಾಲ ಬಂದಾಗ ನಮ್ಮಮ್ಮಂಗೆ ಇಂಗೇ ಕಾಲು ಊದ್ತು. ಇವಳು ಏನು ತಿಂತಾಳೆ?"

ಅಂಜಲಕ್ಕ ಎದ್ದು ಓಡಿದವಳು ಸೆರಗಿನಲ್ಲಿ ಒಂದು ಮೊಟ್ಟೆ ಮುಚ್ಚಿಕೊಂಡು ಬಂದಳು. ಅಜ್ಜಿ ಹೊಸಿಲ ಮೇಲೆ ಎರಡೂ ಕೈ ಅಡ್ಡ ಹಿಡಿದಳು. "ಅದನ್ನ ಒಳಕ್ಕೆ ತರಬ್ಯಾಡ ಕಣೇ. ಕೈ ಮುಗೀತೀನಿ."

"ನಿನ್ ಮಡಿ ದೊಡ್ಡದಾ? ಎಣ್ಣು ಸಾಯ್ತಾಳೆ ಪಾಟೀ!"

ಅತ್ತಿಗೆ ಮಲಗಿದಲ್ಲಿಂದಲೇ ಹೇಳಿದಳು, "ಮೊಟ್ಟೆ ಯಾಕೆ ಅಂಜಲಕ್ಕಾ. ನಮ್ಮನೇಲೇ ಕಾಳೈತೆ."

ನಾನು ಅಲ್ಲೇ ನಿಂತಿದ್ದೆ.

ಅವತ್ತು ಅಣ್ಣ ಗಣಿಯಿಂದ ಬಂದು ಎಲ್ಲ ಕೇಳಿಸಿಕೊಂಡ. ಬೈಯಲಿಲ್ಲ. ತನ್ನ ತಟ್ಟೆಯನ್ನು ಅವಳ ಮುಂದೆ ತಳ್ಳಿ, ಅವಳ ಮೆಣಸಿನ ಸಾರಿನ ತಟ್ಟೆಯನ್ನು ಎಳೆದುಕೊಂಡು ಉಂಡ. ಮಾರನೆಯ ದಿನದಿಂದ ಅಜ್ಜಿ ಹುರುಳಿ ಕಟ್ಟು ಕಾಯಿಸಿದಳು, ಕಡಲೆಕಾಯಿ ಹುರಿದು ಬೆಲ್ಲದ ಜೊತೆ ಕುಟ್ಟಿದಳು, ಹೆಸರುಕಾಳು ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿದಳು. ವಾಯು, ಉಷ್ಣ, ಪಿತ್ತ ಎಲ್ಲವನ್ನೂ ತಾನೇ ತುತ್ತು ಮಾಡಿ ಸೊಸೆಯ ಬಾಯಿಗಿಟ್ಟಳು. ಕೂಸಿಗೆ ಏನೂ ಆಗಲಿಲ್ಲ.

ಊತ ಇಳಿಯಿತು. ನಾವು ಗೆದ್ದೆವು ಅಂದುಕೊಂಡೆವು. ಆದರೆ ನೀರು ಇಳಿದ ಮೇಲೆ ಕಂಡದ್ದು ಒಳಗಿದ್ದ ಅತ್ತಿಗೆ. ಮಣಿಕಟ್ಟು ನನ್ನ ಎರಡು ಬೆರಳಿನೊಳಗೆ ಹಿಡಿಸುತ್ತಿತ್ತು. ಇದೊಂದು ಮಾತನ್ನು ನಾನು ಹೆಚ್ಚಿಸಿ ಹೇಳುತ್ತಿಲ್ಲ, ಹಿಡಿದು ನೋಡಿದ್ದೆ. ಅದೇ ವಾರ ಚಳಿಜ್ವರ ಬಂತು. ಗಟ್ಟಿ ಇದ್ದವರಿಗೆ ಬಂದು ಹೋಗುವ ಜ್ವರವೇ. ಅವಳಲ್ಲಿ ಅದನ್ನು ತಡೆಯುವಂಥದ್ದು ಏನೂ ಉಳಿದಿರಲಿಲ್ಲ. ನಾಲ್ಕನೆಯ ದಿನ ಹೋದಳು.

ಕೂಸು ಅಂಜಲಕ್ಕನ ಮೇಕೆಯ ಹಾಲು ಕುಡಿದು ಬದುಕಿತು. ಹೆಸರು ಗೌರಿ. ಈಗ ಅಜ್ಜಿ, ಗೌರಿ, ನಾನು ಮೂವರೂ ಇಲ್ಲಿ ಸೋದರತ್ತೆಯ ಮನೆಯಲ್ಲಿ. ಅಣ್ಣ ಭಾನುವಾರ ಬಂದು ಹೋಗುತ್ತಾನೆ, ಕೆಮ್ಮು ಇನ್ನೂ ಇದೆ. ಅಜ್ಜಿ ಬಂದವರಿಗೆಲ್ಲ ಹೇಳುವುದು ಒಂದೇ, "ದುಂಡುದುಂಡಗಿದ್ಲು ನಮ್ ಸೊಸೆ, ಲೈನಿನೋರ ಕಣ್ಣು ಬಿತ್ತು." ನಾನು ಅದಕ್ಕೆ ಬಾಲ ಕಟ್ಟಿ ಗೌರಿಗೆ ಹೇಳುತ್ತ ಬಂದಿದ್ದೇನೆ. ನಿಮ್ಮಮ್ಮ ಎಷ್ಟು ದಪ್ಪ ಎಂದರೆ, ಅವಳು ಕಿಟಕಿ ಪಕ್ಕ ಕೂತರೆ ಉರಿಗಾಮಿನ ರೈಲು ಒಂದು ಕಡೆಗೆ ವಾಲುತ್ತಿತ್ತು, ಇನ್ನೊಂದು ಕಡೆಗೆ ಸ್ಟೇಷನ್ ಮಾಸ್ತರರನ್ನೂ ಅವರ ಹೆಂಡತಿಯನ್ನೂ ಕೂರಿಸಬೇಕಾಗಿತ್ತು.

ಇವತ್ತು ರಾತ್ರಿ ಹಿತುಕಿದ ಬೇಳೆಯ ಸಾರಿನಲ್ಲಿ ಮುದ್ದೆ ಅದ್ದುತ್ತ ಗೌರಿ ಕೇಳಿದಳು, "ಚಿಕ್ಕಪ್ಪಾ, ಅಮ್ಮ ಕೂತಾಗ ರೈಲು ವಾಲಿದ ಕತೆ ಏಳು."

"ವಾಲಲಿಲ್ಲ ಕಣವ್ವಾ. ನಿಮ್ಮಮ್ಮ ಸಣ್ಣಗಿದ್ಲು."

"ಅಜ್ಜಿ ದಪ್ಪ ಅಂತಾಳೆ."

"ಒಟ್ಟೆಗಿಲ್ದೆ ಊದ್ಕಂಡಿದ್ಲು. ನನ್ನ ಒಂದಿಡಿ ಕಾಳು ಕೇಳಿದ್ಲು. ನಾನು ಕೊಡ್ಲಿಲ್ಲ."

ಅವಳು ಮುಂದೆ ನಗು ಬರುತ್ತದೆಂದು ಕಾದಳು. ಬರಲಿಲ್ಲ. "ಇದು ಚೆಂದಾಗಿಲ್ಲ," ಎಂದಳು. "ರೈಲಿಂದೇ ಏಳು."

"ರೈಲಿಂದು ಸುಳ್ಳು."

ಗೌರಿಯ ಕೆಳತುಟಿ ನಡುಗಿ, ಜೋರಾಗಿ ಅಳು ಶುರುವಾಯಿತು. ಒಳಗಿನಿಂದ ಅಜ್ಜಿ ಕೂಗಿದಳು, "ಏನ್ ಮಾಡ್ದ್ಯೋ ಮಗೀಗೆ? ನಗ್ಸೋ ಒಸಿ!"

ನಗಿಸುವುದು ನನಗೆ ನೀರು ಕುಡಿದಷ್ಟು ಸುಲಭ. ಒಂದು ಮೂತಿ ತಿರುಗಿಸಿದ್ದರೆ ಸಾಕಿತ್ತು. ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡೆ, ಅಳು ಮುಗಿಯುವವರೆಗೆ ಸುಮ್ಮನಿದ್ದೆ.